ಒಂದು ಘಳಿಗೆಯ ನಿದ್ದೆ

ಹೊತ್ತು ಮೂಡಿದ ಮೇಲೂ ಹಾಸಿಗೆ ಬಿಡದವರನ್ನು ನಮ್ಮ ಸಮಾಜ ಎಂದೂ ಮೆಚ್ಚಿದ್ದಿಲ್ಲ. ‘ಕುಂಭಕರ್ಣ’ ಎಂಬ ಹೆಸರೊಂದೇ ಸಾಕು. ಮಿಕ್ಕ ಬೈಗುಳವೆಲ್ಲ ಅದರಲ್ಲಿ ಅಡಗಿದೆ. ಬೆಳಗ್ಗೆ ಏಳಲಾರದ ಮಕ್ಕಳಿಗೆ ಮನೆಯ ಹಿರಿಯರು ಹೇಳುವ ಮಾತು ಊರೂರಿಗೂ ಒಂದೇ: ನಮ್ಮ ಕಾಲದಲ್ಲಿ ನಾವು ಕೋಳಿ ಕೂಗುವ ಹೊತ್ತಿಗೆ ಎದ್ದು ಅರ್ಧ ಕೆಲಸ ಮುಗಿಸುತ್ತಿದ್ದೆವು. ಈ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಕೋಳಿ ಕೂಗುವ ಹೊತ್ತಿಗೆ ಎದ್ದವರು ಹಿಂದಿನ ಇರುಳು ಎಷ್ಟು ಹೊತ್ತಿಗೆ ಮಲಗಿದ್ದರು ಎಂಬ ಉಳಿದರ್ಧವನ್ನು ಯಾರೂ ಹೇಳುವುದಿಲ್ಲ. ಅತಿನಿದ್ರೆಯನ್ನು ಗೆಲ್ಲಬೇಕೆಂದು ಹೊರಟವರು ಸೋಲುವುದು ಬಹುಮಟ್ಟಿಗೆ ಈ ಮರೆತ ಅರ್ಧದಿಂದಲೇ. ಆದುದರಿಂದ ನಮ್ಮ ಜನ ಹೇಗೆ ಮಲಗುತ್ತಿದ್ದರು, ಹೇಗೆ ಏಳುತ್ತಿದ್ದರು, ಆ ಪದ್ಧತಿ ಯಾವಾಗ ಕೆಟ್ಟಿತು ಎಂಬುದನ್ನು ಸ್ವಲ್ಪ ವಿಚಾರಿಸೋಣ. ಇಡೀ ನಾಡಿನ ಕಥೆಯನ್ನು ಒಮ್ಮೆಲೇ ಹೇಳುವುದಕ್ಕಿಂತ ಒಂದು ಊರನ್ನು ಕಣ್ಣಮುಂದೆ ಇಟ್ಟುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಆ ಊರು ಹುಳಿಯಾರು ಆಗಿರಲಿ.

ಹುಳಿಯಾರು ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಕೆರೆ, ಸಂತೆ, ತೆಂಗಿನ ತೋಟ, ರಾಗಿಯ ಹೊಲ, ಕುರಿ, ಕಂಬಳಿ ಇವು ಈ ಸೀಮೆಯ ಬಾಳಿನ ಆಧಾರಗಳು. ತಿಪಟೂರು, ತುರುವೇಕೆರೆಗಳೊಡನೆ ಸೇರಿ ಇದು ನಾಡಿನ ಕೊಬ್ಬರಿ ಸೀಮೆ. ಇಲ್ಲಿ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗುವವರೆಗೆ ಕಾಯುತ್ತಾರೆ. ಅವಸರಪಟ್ಟರೆ ಕೊಬ್ಬರಿ ಕೆಡುತ್ತದೆ. ಹೊತ್ತಿಗೆ ಸಲ್ಲಬೇಕಾದುದನ್ನು ಸಲ್ಲಿಸಲೇಬೇಕೆಂಬುದನ್ನು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಿಂದಿನವರು ಹೊತ್ತನ್ನು ಅಳೆಯುತ್ತಿದ್ದ ರೀತಿಯಿಂದ ಆರಂಭಿಸೋಣ. ಹಗಲಿರುಳು ಸೇರಿದ ಒಂದು ದಿನಕ್ಕೆ 60 ಘಳಿಗೆ. ಒಂದು ಘಳಿಗೆ ಎಂದರೆ ಈಗಿನ 24 ನಿಮಿಷ. ಏಳೂವರೆ ಘಳಿಗೆಗೆ ಒಂದು ಜಾವ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವುದಕ್ಕೆ ಹಿಡಿಯುವ ಕಾಲವೇ ಘಳಿಗೆ. ಗಡಿಯಾರವೆಂಬ ನಮ್ಮ ಮಾತಿನಲ್ಲಿ ಆ ಹಳೆಯ ಘಟಿಕೆಯ ನೆನಪು ಇನ್ನೂ ಉಳಿದಿದೆ. ಆದರೆ ಘಳಿಗೆ ಬಟ್ಟಲು ಅರಮನೆಗೆ, ದೇವಾಲಯಕ್ಕೆ, ಮುಹೂರ್ತ ನೋಡುವ ಜೋಯಿಸರಿಗೆ ಬೇಕಾದ ವಸ್ತು. ಒಕ್ಕಲು ಮನೆಗೆ ಅದರ ಹಂಗಿರಲಿಲ್ಲ. ಅಲ್ಲಿ ದೀಪ ಹಚ್ಚುವ ಹೊತ್ತು, ಉಂಡು ಮಲಗುವ ಹೊತ್ತು, ಮೊದಲ ಕೋಳಿ ಕೂಗುವ ಹೊತ್ತು, ಬೆಳ್ಳಿ ಮೂಡುವ ಹೊತ್ತು, ಮಬ್ಬು ಹರಿಯುವ ಹೊತ್ತು, ದನ ಬಿಡುವ ಹೊತ್ತು ಎಂದು ಕೆಲಸದ ಹೆಸರಿನಿಂದಲೇ ಕಾಲವನ್ನು ಗುರುತಿಸುತ್ತಿದ್ದರು. ಈ ಎಣಿಕೆಯಲ್ಲಿ ಏಳುವ ಹೊತ್ತಿಗೆ ಹೆಸರಿದ್ದಂತೆ ಮಲಗುವ ಹೊತ್ತಿಗೂ ಹೆಸರಿತ್ತೆಂಬುದನ್ನು ಗಮನಿಸಬೇಕು.

ಬೆಳ್ಳಿಚುಕ್ಕಿ ವರ್ಷವಿಡೀ ಬೆಳಗಿನ ಜಾವದಲ್ಲಿ ಕಾಣುವುದಿಲ್ಲ. ಅದು ಕಾಣದ ತಿಂಗಳುಗಳಲ್ಲಿ ಕೋಳಿಯೇ ಗತಿ. ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆ ಎಂದು ನಂಬಿದ ಅಜ್ಜಿಯ ಕಥೆಯನ್ನು ಹೇಳಿ ನಾವು ನಗುತ್ತೇವೆ. ಕೋಳಿಯ ಪಕ್ಷದಲ್ಲಿ ಹೇಳಬೇಕಾದ ಒಂದು ಮಾತೂ ಇದೆ. 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜಗಳನ್ನು ಹಗಲಿರುಳಿನ ಭೇದವಿಲ್ಲದ ಮಂದಬೆಳಕಿನಲ್ಲಿ ಇರಿಸಿ ನೋಡಿದರು. ಹೊರಗಿನ ಸೂಚನೆ ಯಾವುದೂ ಇಲ್ಲದಿದ್ದರೂ ಅವು ಸರಿಸುಮಾರು ದಿನಕ್ಕೊಮ್ಮೆ, ಬೆಳಗಾಗಬೇಕಾಗಿದ್ದ ಹೊತ್ತಿಗೆ ಕೂಗುತ್ತಿದ್ದವು. ಎಂದರೆ ಕೋಳಿ ಬೆಳಕನ್ನು ಕಂಡು ಕೂಗುವುದಿಲ್ಲ. ಬೆಳಕು ಬರಲಿದೆ ಎಂಬುದನ್ನು ಅದರ ದೇಹದೊಳಗಿನ ಗಡಿಯಾರವೇ ತಿಳಿಸುತ್ತದೆ. ಅಂಥದೇ ಗಡಿಯಾರ ಮನುಷ್ಯನ ದೇಹದಲ್ಲಿಯೂ ಇದೆ. ಅದರ ವಿಚಾರಕ್ಕೆ ಮುಂದೆ ಬರೋಣ.

ಕತ್ತಲಾದ ಮೇಲೆ ಎಚ್ಚರವಾಗಿರುವುದು ಆ ಕಾಲದಲ್ಲಿ ದುಬಾರಿಯ ಕೆಲಸ. ಹೊಂಗೆ, ಹಿಪ್ಪೆ, ಹರಳು ಈ ಬೀಜಗಳಿಂದ ತೆಗೆದ ಎಣ್ಣೆ ದೀಪಕ್ಕೆ ಬರುತ್ತಿತ್ತು. ಬೀಜ ಆಯ್ದು, ಒಣಗಿಸಿ, ಗಾಣಕ್ಕೆ ಹಾಕಿ ತಂದ ಎಣ್ಣೆಯನ್ನು ಮಾತಿಗೆ ಕೂತು ಉರಿಸುವವರು ಯಾರು? ತೆಂಗು ಮನೆಯ ಹಿತ್ತಲಲ್ಲೇ ಇದ್ದರೂ ಅದು ಹಣ ತರುವ ವಸ್ತು. ಆದುದರಿಂದ ಉಂಡೊಡನೆ ದೀಪ ಆರಿಸುವುದು ಗೃಹಕೃತ್ಯದ ನಿಯಮ. ಬೆಳಕಿನ ಜಿಪುಣತನವೇ ನಿದ್ರೆಯ ಸಿರಿವಂತಿಕೆಯಾಗಿತ್ತು. 19ನೆಯ ಶತಮಾನದ ಕೊನೆಗೆ ಸೀಮೆಎಣ್ಣೆ ಬಂದು, ಬುಡ್ಡಿ ದೀಪ, ಲಾಟೀನುಗಳು ಹಳ್ಳಿಗಳಿಗೆ ಇಳಿದಾಗಲೂ ಈ ನಿಯಮ ಸ್ವಲ್ಪ ಸಡಿಲಿತೇ ಹೊರತು ಮುರಿಯಲಿಲ್ಲ.

ಇಷ್ಟು ಕೇಳಿ ಹಿಂದಿನ ಕಾಲವೆಲ್ಲ ಸುಖನಿದ್ರೆಯ ಕಾಲವೆಂದು ಭಾವಿಸಿದರೆ ಅದು ತಪ್ಪಾಗುತ್ತದೆ. ತಿಗಣೆ, ಸೊಳ್ಳೆ, ಒಲೆಯ ಹೊಗೆ, ಮಳೆಗಾಲದ ಸೋರುವ ಮಾಡು ಇವೆಲ್ಲ ಇರುಳಿನ ಸಂಗಾತಿಗಳು. ಮನೆಯಲ್ಲಿ ಎಲ್ಲರಿಗೂ ಸಮನಾದ ನಿದ್ದೆಯೂ ಇರಲಿಲ್ಲ. ಗಂಡಸರು ಕಂಬಳಿ ಹೊದ್ದು ಜಗಲಿಯ ಮೇಲೆ ಮಲಗಿರುವಾಗಲೇ ಹೆಂಗಸರು ಎದ್ದು ಬೀಸುವ ಕಲ್ಲಿನ ಮುಂದೆ ಕೂರಬೇಕಾಗಿತ್ತು. ರಾಗಿಯ ನಾಡಿನಲ್ಲಿ ಮುದ್ದೆಯ ಹಿಟ್ಟು ಬೆಳಗಿನ ಜಾವದ ದುಡಿಮೆಯಿಂದ ಬರುತ್ತಿತ್ತು. ಬೀಸುವ ಪದಗಳನ್ನು ಇಂದು ನಾವು ಜನಪದ ಸಾಹಿತ್ಯದ ಸಂಪತ್ತೆಂದು ಸಂಗ್ರಹಿಸಿ ಓದುತ್ತೇವೆ, ಅದು ಸರಿಯೇ. ಆದರೆ ತೂಕಡಿಕೆಯನ್ನು ಓಡಿಸುವುದಕ್ಕೂ ಆ ಹಾಡು ಬೇಕಾಗಿತ್ತು ಎಂಬುದನ್ನು ಮರೆಯಬಾರದು. ಮುಂದೆ ಹಿಟ್ಟಿನ ಗಿರಣಿ ಬಂದಾಗ ಗಿರಣಿಯ ಹಿಟ್ಟಿಗೆ ರುಚಿಯಿಲ್ಲ ಎಂದು ಗೊಣಗಿದವರು ಬಹುಮಂದಿ ಇದ್ದಿರಬಹುದು. ಆದರೆ ನಮ್ಮ ನಾಡಿನ ಹೆಂಗಸರಿಗೆ ದಿನಕ್ಕೆ ಎರಡು ಮೂರು ಘಳಿಗೆಯ ನಿದ್ದೆಯನ್ನು ಹಿಂದಕ್ಕೆ ಕೊಟ್ಟ ಯಂತ್ರ ಅದು. ನಿದ್ದೆಯ ಚರಿತ್ರೆಯನ್ನು ಬರೆಯುವವರು ಗಿರಣಿಗೆ ಒಂದು ಗೌರವದ ಸ್ಥಾನ ಕೊಡಲೇಬೇಕು.

ಇರುಳೆಲ್ಲ ಎಚ್ಚರವಾಗಿರುವ ಜನವೂ ಊರಿನಲ್ಲಿ ಇದ್ದರು. ಕಾವಲಿಗೆ ತಳವಾರ, ಕೆರೆಯ ತೂಬಿಗೆ ನೀರುಗಂಟಿ. ಗದ್ದೆಗೆ ನೀರಿನ ಸರದಿ ಇರುಳಿನಲ್ಲಿ ಬಂದರೆ ಒಕ್ಕಲಿಗನೂ ಲಾಟೀನು ಹಿಡಿದು ಹೊರಡಬೇಕು. ಸಂತೆಯ ಹಿಂದಿನ ಇರುಳು ಕಾಯಿ, ಕೊಬ್ಬರಿ ಹೇರಿಕೊಂಡು ಹೊರಟ ಗಾಡಿಯಲ್ಲಿ ಹೊಡೆಯುವವನು ತೂಕಡಿಸುತ್ತಿದ್ದರೆ ಎತ್ತುಗಳು ತಮ್ಮ ಪಾಡಿಗೆ ದಾರಿ ಹಿಡಿದು ನಡೆಯುತ್ತಿದ್ದವು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆಯನ್ನು ನಾವು ನಿಶ್ಚಿಂತೆಯ ಹೊಗಳಿಕೆಯಾಗಿ ಬಳಸುತ್ತೇವೆ. ಇರುಳೆಲ್ಲ ಗಾಡಿ ಹೊಡೆದು ಬಂದವನಿಗಾದರೋ ಸಂತೆಯಲ್ಲಿ ನಿದ್ದೆ ಬರುವುದಕ್ಕೆ ಚಿಂತೆ ಇರಬಾರದೆಂಬ ನಿಯಮವೇನೂ ಇಲ್ಲ.

ಸುಗ್ಗಿ ಮುಗಿದ ಮೇಲಿನ ಆಟಗಳ ಮಾತು ಬೇರೆ. ಈ ಸೀಮೆ ಮೂಡಲಪಾಯ ಯಕ್ಷಗಾನದ ನೆಲೆ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿ ಆ ಕಲೆಗೆ ಹೆಸರಾದ ಊರು. ಇರುಳು ಆರಂಭವಾದ ಆಟ ಬೆಳಗಿನವರೆಗೆ ನಡೆಯುತ್ತಿತ್ತು. 1884ರಲ್ಲಿ ಇದೇ ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯೂ ಜನರನ್ನು ಇರುಳೆಲ್ಲ ಕೂರಿಸಿ ಕಳಿಸುತ್ತಿತ್ತು. ಆದರೆ ಇದು ಬಿಡುವಿನ ತಿಂಗಳುಗಳ ಸಂಭ್ರಮ. ಊರಿಗೆ ಊರೇ ಎಚ್ಚರವಿದ್ದು, ಮರುದಿನ ಊರಿಗೆ ಊರೇ ಮಲಗುತ್ತಿತ್ತು. ಶಿವರಾತ್ರಿಯ ಜಾಗರಣೆಯೂ ವರ್ಷಕ್ಕೆ ಒಮ್ಮೆ. ನಿದ್ದೆಗೆಡುವುದಕ್ಕೂ ಒಂದು ಕಾಲ, ಕೆಟ್ಟ ನಿದ್ದೆಯನ್ನು ತೀರಿಸುವುದಕ್ಕೂ ಒಂದು ಕಾಲ ಗೊತ್ತಾಗಿತ್ತು. ಆ ಮರುದಿನ ಹೊತ್ತೇರುವವರೆಗೆ ಮಲಗಿದವನನ್ನು ಯಾರೂ ಕುಂಭಕರ್ಣ ಎನ್ನುತ್ತಿರಲಿಲ್ಲ.

ನಮ್ಮ ವೈದ್ಯಶಾಸ್ತ್ರ ಈ ವಿಷಯದಲ್ಲಿ ಏನು ಹೇಳುತ್ತದೆ? ಚರಕಸಂಹಿತೆ ದೇಹವನ್ನು ಹೊತ್ತಿರುವ ಮೂರು ಆಧಾರಸ್ತಂಭಗಳಲ್ಲಿ ಆಹಾರದ ಜೊತೆಯಲ್ಲಿಯೇ ನಿದ್ರೆಯನ್ನೂ ಎಣಿಸಿದೆ. ಆ ಗ್ರಂಥದ ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ನಿದ್ರೆಯನ್ನು ಅದರ ಕಾರಣಗಳಿಂದ ವಿಂಗಡಿಸಿರುವುದು ನಮಗೆ ಬಹಳ ಪ್ರಯೋಜನಕರ. ತಮಸ್ಸಿನಿಂದ ಬರುವುದು, ಕಫದಿಂದ ಬರುವುದು, ದೇಹ ಮನಸ್ಸುಗಳ ದಣಿವಿನಿಂದ ಬರುವುದು, ಆಗಂತುಕವಾದದ್ದು, ವ್ಯಾಧಿಯನ್ನು ಹಿಂಬಾಲಿಸಿ ಬರುವುದು, ಕೊನೆಗೆ ರಾತ್ರಿಯ ಸ್ವಭಾವದಿಂದಲೇ ಬರುವುದು. ಈ ಕಡೆಯದನ್ನು ಮಾತ್ರ ಚರಕ ಜೀವಿಗಳನ್ನು ಪೊರೆಯುವ ತಾಯಿ ಎಂದು ಕೊಂಡಾಡುತ್ತಾನೆ. ಹೊತ್ತು ಮೀರಿ ಮಲಗುವವರನ್ನೆಲ್ಲ ಸೋಮಾರಿಗಳೆಂದು ಒಂದೇ ಕಣಕ್ಕೆ ತುಂಬುವ ನಮಗಿಂತ ಆ ಹಳೆಯ ವೈದ್ಯನ ದೃಷ್ಟಿ ಸೂಕ್ಷ್ಮವಾಗಿತ್ತು. ಅತಿನಿದ್ರೆಗೆ ಆತ ಹೇಳುವ ಚಿಕಿತ್ಸೆಯೇನೋ ಕಠಿಣವಾಗಿದೆ: ವಮನ, ವಿರೇಚನ, ವ್ಯಾಯಾಮ, ಉಪವಾಸ, ರಕ್ತಮೋಕ್ಷಣ, ಸುಖವಿಲ್ಲದ ಹಾಸಿಗೆ, ಅಷ್ಟೇ ಅಲ್ಲದೆ ಭಯ ಮತ್ತು ಚಿಂತೆ! ಆದರೆ ಅವೇ ಉಪಾಯಗಳು ನಿದ್ರಾನಾಶಕ್ಕೂ ಕಾರಣಗಳೆಂದು ಒಡನೆಯೇ ಎಚ್ಚರಿಸುವುದನ್ನು ಆತ ಮರೆತಿಲ್ಲ. ಹೆದರಿಸಿ ಎಬ್ಬಿಸುವ ತಂದೆತಾಯಿಗಳು ಈ ಎಚ್ಚರಿಕೆಯನ್ನು ನೆನಪಿನಲ್ಲಿ ಇಡಬೇಕು.

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂಬ ವಿಧಿ ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಯ ಅಧ್ಯಾಯದ ಮೊದಲಿಗೇ ಬರುತ್ತದೆ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಆರಂಭವಾಗಿ 48 ನಿಮಿಷ ಇರುವ ಕಾಲ ಅದು. ಈ ವಿಧಿಯನ್ನು ಆತ ಹೇಳಿರುವುದು ಸ್ವಸ್ಥನಾದವನಿಗೆ. ರೋಗಿಗೆ, ದಣಿದವನಿಗೆ ಅಲ್ಲ. ಅಷ್ಟೇ ಅಲ್ಲ, ಅಭ್ಯಾಸವಿಲ್ಲದೆ ಇರುಳು ಎಚ್ಚರವಿರಬೇಕಾಗಿ ಬಂದವನು ನಿದ್ದೆಗೆಟ್ಟ ಕಾಲದ ಅರ್ಧದಷ್ಟನ್ನು ಮರುದಿನ ಬೆಳಗ್ಗೆ ಊಟಕ್ಕೆ ಮೊದಲು ಮಲಗಿ ತುಂಬಿಕೊಳ್ಳಬೇಕು ಎಂದು ಅದೇ ಗ್ರಂಥ ವಿಧಿಸುತ್ತದೆ. ಮೊದಲ ವಿಧಿಯನ್ನು ನಾವು ಬಾಯಿಪಾಠ ಮಾಡಿದೆವು, ಎರಡನೆಯದನ್ನು ಕೈಬಿಟ್ಟೆವು. ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ಅತಿಯಾಗಿ ಎಚ್ಚರವಿರುವವನಿಗೂ ಯೋಗವಿಲ್ಲ ಎಂಬ ಅರ್ಥದ ಮಾತು ಗೀತೆಯ ಆರನೆಯ ಅಧ್ಯಾಯದಲ್ಲಿದೆ. ಅದರಲ್ಲಿಯೂ ನಮ್ಮ ಕಿವಿಗೆ ಬಿದ್ದದ್ದು ಮೊದಲ ಭಾಗವೊಂದೇ.

ಈಗ ಗಡಿಯಾರ ಬಂದ ಕಥೆ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ಅದೇ ಹಳಿ ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೇಲೆ ಮುಂದುವರಿದು 1889ರಲ್ಲಿ ಹರಿಹರವನ್ನು ಮುಟ್ಟಿತು. ಸೂರ್ಯನಿಗಾಗಲಿ ಕೋಳಿಗಾಗಲಿ ಕಾಯದ ಒಂದು ಹೊತ್ತು ಕೊಬ್ಬರಿ ಸೀಮೆಯೊಳಕ್ಕೆ ಹೀಗೆ ಪ್ರವೇಶಿಸಿತು. ಆಗಿನ ರೈಲುಗಳು ನಡೆಯುತ್ತಿದ್ದುದು ಮದರಾಸಿನ ವೇಳೆಯಂತೆ. ಹುಳಿಯಾರಿನ ಸೂರ್ಯ ಮದರಾಸಿನ ಸೂರ್ಯನಿಗಿಂತ ಸುಮಾರು 15 ನಿಮಿಷ ತಡ. 1906ರ ಜನವರಿ 1ರಿಂದ ಭಾರತಕ್ಕೆಲ್ಲ ಒಂದೇ ವೇಳೆ ಎಂದಾಯಿತು. ಅದಕ್ಕೆ ಆಧಾರ ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯ ಸೂರ್ಯ. ಹುಳಿಯಾರು ಇರುವುದು ಸುಮಾರು ಎಪ್ಪತ್ತಾರೂವರೆ ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದ ಲೆಕ್ಕದಲ್ಲಿ ಈ ಅಂತರ 24 ನಿಮಿಷ, ಎಂದರೆ ಸರಿಯಾಗಿ ಒಂದು ಘಳಿಗೆ. ಹುಳಿಯಾರಿನಲ್ಲಿ ಗಡಿಯಾರ ಆರು ಗಂಟೆ ತೋರಿಸಿದಾಗ ಆ ಊರಿನ ಸೂರ್ಯನ ಲೆಕ್ಕದಲ್ಲಿ ಇನ್ನೂ ಐದು ಗಂಟೆ ಮೂವತ್ತಾರು ನಿಮಿಷ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ವೇಳೆಯನ್ನು ಇನ್ನೂ ಒಂದು ಗಂಟೆ ಮುಂದೂಡಿದ್ದರು. ಆ ಮೂರು ವರ್ಷ ಗಡಿಯಾರ ಈ ಊರಿನ ಸೂರ್ಯನನ್ನು ಮೂರೂವರೆ ಘಳಿಗೆ ಹಿಂದೆ ಹಾಕಿತ್ತು.

ಒಂದು ಘಳಿಗೆಯಿಂದ ಏನಾಗುತ್ತದೆ ಎಂದು ಕೇಳಬಹುದು. ನಮ್ಮ ದೇಶ ಪೂರ್ವ ಪಶ್ಚಿಮವಾಗಿ ಸುಮಾರು ಎರಡು ಗಂಟೆಯಷ್ಟು ಅಗಲವಾಗಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ಬೇಗ ಮೂಡುವ ಸೂರ್ಯನಿಗೆ ಹೊಂದುವಂತೆ ಒಂದು ಗಂಟೆ ಮುಂದಿರುವ ‘ಬಾಗಾನ್ ವೇಳೆ’ಯನ್ನು ಇಟ್ಟುಕೊಂಡದ್ದುಂಟು. ಪಶ್ಚಿಮದವರ ತೊಂದರೆ ಇದಕ್ಕೆ ವಿರುದ್ಧವಾದದ್ದು. ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ಅವರು ಭಾರತದ ಮಕ್ಕಳ ನಿದ್ದೆಯನ್ನು ಕುರಿತು ಅಧ್ಯಯನ ಮಾಡಿ ಕಂಡುಕೊಂಡದ್ದು ಇದು: ಸಂಜೆ ತಡವಾಗಿ ಕತ್ತಲಾಗುವ ಕಡೆ ಮಕ್ಕಳು ತಡವಾಗಿ ಮಲಗುತ್ತಾರೆ, ಆದರೆ ಶಾಲೆಯ ಗಂಟೆ ಎಲ್ಲ ಕಡೆಗೂ ಒಂದೇ ಆದುದರಿಂದ ಏಳುವ ಹೊತ್ತು ಅದಕ್ಕೆ ತಕ್ಕಂತೆ ಮುಂದೆ ಹೋಗುವುದಿಲ್ಲ, ನಡುವೆ ನಿದ್ದೆ ಕಡಮೆಯಾಗುತ್ತದೆ, ಓದೂ ಹಿಂದೆ ಬೀಳುತ್ತದೆ. ಕೊರತೆಯನ್ನು ಹೆಚ್ಚು ಅನುಭವಿಸುವವರು ಬಡವರ ಮಕ್ಕಳು. ಬೆಳಗ್ಗೆ ಎಬ್ಬಿಸಿದಾಗ ಕಣ್ಣು ಬಿಡದ ಮಗುವಿನ ರೆಪ್ಪೆಯ ಮೇಲೆ 1906ರ ಒಂದು ನಿರ್ಣಯವೂ ಸ್ವಲ್ಪ ಭಾರ ಹಾಕಿ ಕುಳಿತಿದೆ.

ಗಡಿಯಾರದ ಹಿಂದೆಯೇ ಬೆಳಕು ಬಂದಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಹರಿಯಿತು. ಹಳ್ಳಿಗಳ ಬಡವರ ಮನೆಗೆ ಅದು ತಲಪುವುದಕ್ಕೆ 1970ರ ದಶಕದ ಕೊನೆಯ ಭಾಗ್ಯಜ್ಯೋತಿ ಯೋಜನೆಯವರೆಗೆ ಕಾಯಬೇಕಾಯಿತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದರು; 1955ರಲ್ಲಿ ಬೆಂಗಳೂರು ಕೇಂದ್ರವೂ ಬಂದಿತು. ಬೆಳಗಿನ ಪ್ರಸಾರದ ಆರಂಭದ ನಾದ ಅನೇಕ ಮನೆಗಳಿಗೆ ಕೋಳಿಯ ಕೂಗಾಯಿತು. ಇರುಳಿನಲ್ಲಿ ಪ್ರಸಾರ ಮುಗಿದಾಗ ಮನೆಯೂ ಮಲಗುತ್ತಿತ್ತು. ಕೈಗಡಿಯಾರದ ಕಥೆಯಂತೂ ಈ ಜಿಲ್ಲೆಯದೇ ಎನ್ನಬಹುದು. ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. 1978ರಲ್ಲಿ ತುಮಕೂರಿನಲ್ಲಿಯೇ ಅದರ ಒಂದು ಕಾರ್ಖಾನೆ ಆರಂಭವಾಯಿತು. ಮದುವೆಯ ಗಂಡಿಗೆ ಎಚ್.ಎಂ.ಟಿ. ವಾಚು ಕಟ್ಟಿಸುವುದು ಮರ್ಯಾದೆಯ ಮಾತಾಗಿತ್ತು. 2016ರಲ್ಲಿ ಆ ಕೈಗಡಿಯಾರ ಉದ್ಯಮವನ್ನು ಮುಚ್ಚುವ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಜನ ಹೊತ್ತು ನೋಡುವುದಕ್ಕೆ ಜೇಬಿನಿಂದ ಫೋನು ತೆಗೆಯುವುದನ್ನು ಕಲಿತಿದ್ದರು.

ವಾಚು ಹೊತ್ತನ್ನು ಹೇಳಿ ಸುಮ್ಮನಾಗುತ್ತಿತ್ತು. ಫೋನು ಹೊತ್ತನ್ನು ಹೇಳುತ್ತದೆ, ಅದನ್ನು ತಿನ್ನುತ್ತದೆ ಕೂಡ. ಬೆಳಗ್ಗೆ ಎಬ್ಬಿಸುವುದಕ್ಕೆಂದು ದಿಂಬಿನ ಪಕ್ಕ ಇಟ್ಟುಕೊಂಡ ಯಂತ್ರವೇ ಇರುಳಿನಲ್ಲಿ ಮಲಗಗೊಡದ ಯಂತ್ರವಾಗಿರುವುದು ನಮ್ಮ ಕಾಲದ ವಿಚಿತ್ರ. ಬಾನುಲಿಗೂ ಹಳೆಯ ದೂರದರ್ಶನಕ್ಕೂ ಪ್ರಸಾರ ಮುಗಿಯುವ ಹೊತ್ತೆಂಬುದು ಇತ್ತು, ಇದಕ್ಕೆ ಇಲ್ಲ. ಉಂಡು ಮಲಗುವ ಹೊತ್ತು ಎಂಬ ಮಾತು ಹೀಗೆ ನಮ್ಮ ಪಂಚಾಂಗದಿಂದಲೇ ಅಳಿಸಿಹೋಯಿತು.

ಹುಳಿಯಾರಿನ ತೋಟದವರಿಗೆ ಇನ್ನೂ ಒಂದು ಕಷ್ಟವಿದೆ. ಕೆರೆಯ ನೀರು ಸಾಲದೆ ಕೊಳವೆಬಾವಿ ಬಂದ ಮೇಲೆ ತೆಂಗಿಗೆ ನೀರು ಪಂಪಿನಿಂದ. ಪಂಪಿಗೆ ಮೂರು ಫೇಸಿನ ವಿದ್ಯುತ್ತು ಬೇಕು. ಅದು ಹಗಲು ಇಷ್ಟು, ಇರುಳು ಇಷ್ಟು ಎಂದು ಪಾಳಿಯಂತೆ ಬರುತ್ತದೆ. ನಡುರಾತ್ರಿ ಕರೆಂಟು ಬಂದರೆ ನಡುರಾತ್ರಿಯೇ ಎದ್ದು ತೋಟಕ್ಕೆ ಹೋಗಬೇಕು. ಹಾವಿನ ಭಯ, ಗುಡ್ಡದ ಮಗ್ಗುಲಿನ ಊರುಗಳಲ್ಲಿ ಚಿರತೆ, ಕರಡಿಗಳ ಭಯ. ಹಿಂದಿನ ನೀರುಗಂಟಿ ಊರಿಗೆ ಒಬ್ಬನೋ ಇಬ್ಬರೋ. ಈಗ ತೋಟವಿದ್ದವರೆಲ್ಲರೂ ನೀರುಗಂಟಿಗಳೇ. ಇಂಥವನು ಬೆಳಗ್ಗೆ ಎಂಟು ಗಂಟೆಯವರೆಗೆ ಮಲಗಿದ್ದನೆಂದರೆ ಅದು ಚರಕ ಹೇಳಿದ ದಣಿವಿನ ನಿದ್ದೆಯೇ ಹೊರತು ತಮಸ್ಸಿನ ನಿದ್ದೆಯಲ್ಲ. ಹಗಲಿನಲ್ಲಿ ಕರೆಂಟು ಕೊಡಿ ಎಂದು ರೈತರು ಕೇಳುವಾಗ ಅವರು ನೀರನ್ನು ಮಾತ್ರ ಕೇಳುತ್ತಿಲ್ಲ, ನಿದ್ದೆಯನ್ನೂ ಕೇಳುತ್ತಿದ್ದಾರೆ.

ಇನ್ನು ಒಂದು ಸಣ್ಣ ಲೆಕ್ಕ ಮಾಡೋಣ. ಇರುಳು ಎಂಟೂವರೆಗೆ ಮಲಗಿ ಬೆಳಗಿನ ಜಾವ ನಾಲ್ಕೂವರೆಗೆ ಎದ್ದ ಅಜ್ಜಿ ಮಲಗಿದ್ದು ಎಂಟು ಗಂಟೆ. ಒಂದು ಗಂಟೆಗೆ ಮಲಗಿ ಏಳೂವರೆಗೆ ಏಳುವ ಮೊಮ್ಮಗ ಮಲಗುವುದು ಆರೂವರೆ ಗಂಟೆ. ಅಜ್ಜಿಗೆ ಬೇಗ ಏಳುವವಳೆಂಬ ಕೀರ್ತಿ. ಮೊಮ್ಮಗನಿಗೆ ಅತಿನಿದ್ರೆಯವನೆಂಬ ಅಪಕೀರ್ತಿ. ಹೆಚ್ಚು ಮಲಗಿದವರು ಯಾರು? ವಯಸ್ಕರಿಗೆ ದಿನಕ್ಕೆ ಏಳು ಗಂಟೆಗೆ ಕಡಮೆಯಿಲ್ಲದ ನಿದ್ದೆ ಬೇಕು, 13ರಿಂದ 18 ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ಬೇಕು ಎನ್ನುತ್ತಾರೆ ಇಂದಿನ ನಿದ್ರಾತಜ್ಞರು. ಹರೆಯದಲ್ಲಿ ದೇಹದ ಗಡಿಯಾರ ತಾನಾಗಿ ತಡವಾಗುವುದೂ ಉಂಟು. ಆ ಮೊಮ್ಮಗನ ನಿಜವಾದ ರೋಗ ಅತಿನಿದ್ರೆಯಲ್ಲ, ಅಲ್ಪನಿದ್ರೆ. ವಾರವೆಲ್ಲ ಮಾಡಿದ ಸಾಲವನ್ನು ಆತ ಭಾನುವಾರ ಹನ್ನೊಂದು ಗಂಟೆಯವರೆಗೆ ಮಲಗಿ ತೀರಿಸುತ್ತಾನೆ; ಅದರಿಂದ ಭಾನುವಾರ ರಾತ್ರಿ ನಿದ್ದೆ ಬಾರದೆ ಸೋಮವಾರಕ್ಕೆ ಹೊಸ ಸಾಲ ಮಾಡುತ್ತಾನೆ.

ಹಾಗಾದರೆ ಇದಕ್ಕೆ ಪರಿಹಾರವೇನು? ಅಲಾರಾಂ ಗಡಿಯಾರವನ್ನು ಒಮ್ಮೆಲೇ ಐದು ಗಂಟೆಗೆ ತಿರುಗಿಸಿ ಸಂಕಲ್ಪ ಮಾಡುವವರು ಮೂರನೆಯ ದಿನ ಕೈಚೆಲ್ಲುತ್ತಾರೆ. ಹುಂಜದ ಒಳಗಡಿಯಾರದ ಮಾತು ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಮನುಷ್ಯನ ಒಳಗಡಿಯಾರವೂ ಸುಮಾರು 24 ಗಂಟೆಗೆ ಒಂದು ಸುತ್ತು ತಿರುಗುತ್ತದೆ. ಇಂಥ ಗಡಿಯಾರ ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನು ಹಣ್ಣುನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಿಕ ಬಂದಿತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಕು. ಬೆಳಗಿನ ಬಿಸಿಲು ಅದನ್ನು ಮುಂದಕ್ಕೆ ತಳ್ಳುತ್ತದೆ, ಇರುಳಿನ ಬೆಳಕು ಹಿಂದಕ್ಕೆ ಎಳೆಯುತ್ತದೆ. ಅದನ್ನು ಒಂದೇ ಸಲಕ್ಕೆ ಗಂಟೆಗಟ್ಟಲೆ ತಿರುಗಿಸಲಾಗದು. ಸ್ವಲ್ಪ ಸ್ವಲ್ಪವಾಗಿಯೇ ಒಲಿಸಿಕೊಳ್ಳಬೇಕು. ಎರಡು ಮೂರು ದಿನಕ್ಕೆ ಅರ್ಧ ಘಳಿಗೆ, ಎಂದರೆ ಹನ್ನೆರಡು ನಿಮಿಷ ಬೇಗ ಮಲಗಿ, ಅಷ್ಟೇ ಬೇಗ ಎದ್ದರೆ ಸಾಕು. ಎದ್ದ ಕೂಡಲೇ ಹೊರಗೆ ಬಂದು ಬೆಳಕಿನಲ್ಲಿ ನಡೆಯಬೇಕು. ಹಿಂದಿನವರು ಅಂಗಳ ಗುಡಿಸಿ, ನೀರು ಚೆಲ್ಲಿ, ರಂಗೋಲಿ ಇಟ್ಟು, ದನ ಬಿಚ್ಚುತ್ತಿದ್ದಾಗ ಈ ಚಿಕಿತ್ಸೆ ತಾನಾಗಿ ನಡೆಯುತ್ತಿತ್ತು. ಏಳುವ ಹೊತ್ತು ಭಾನುವಾರವೂ ಹಬ್ಬದ ದಿನವೂ ಬಹಳ ವ್ಯತ್ಯಾಸವಾಗಬಾರದು. ಬಾಬಾ ಬುಡನ್ ಅರಬ್ ದೇಶದಿಂದ ಕಾಫಿಯ ಬೀಜ ತಂದನೆಂದು ಹೇಳುವ ಗಿರಿ ಇಲ್ಲಿಂದ ಬಹು ದೂರವಿಲ್ಲ. ಆದರೂ ಸಂಜೆಯ ಕಾಫಿಯನ್ನು ಬಿಡುವುದು ಲೇಸು. ಕುಡಿದು ಸುಮಾರು ಐದು ಗಂಟೆಯಾದರೂ ಅದರ ಅರ್ಧದಷ್ಟು ಸತ್ತ್ವ ರಕ್ತದಲ್ಲಿ ಉಳಿದಿರುತ್ತದೆ. ಫೋನು ಬೇರೆ ಕೋಣೆಯಲ್ಲಿ ಮಲಗಲಿ. ಇರುಳು ನೀರು ಕಟ್ಟಲು ಹೋಗಿಬಂದವರು ವಾಗ್ಭಟನ ಮಾತಿನಂತೆ ನಿದ್ದೆಗೆಟ್ಟ ಕಾಲದ ಅರ್ಧವನ್ನು ನಾಚಿಕೆಯಿಲ್ಲದೆ ಮಲಗಿ ತುಂಬಿಕೊಳ್ಳಲಿ, ಮನೆಯವರೂ ಅದಕ್ಕೆ ಅವಕಾಶ ಕೊಡಲಿ.

ಒಬ್ಬರೇ ಏಳುವುದಕ್ಕಿಂತ ಹಲವರು ಕೂಡಿ ಏಳುವುದು ಸುಲಭ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಬೆಳಗ್ಗೆ ಎದ್ದು ಸಾಮೂಹಿಕ ಪ್ರಾರ್ಥನೆಗೆ ಕೂರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ಹಿರಿಯರು ಟೆಲಿವಿಷನ್ ಮುಂದೆ ಕುಳಿತು ಮಕ್ಕಳನ್ನು ಮಲಗಿ ಎಂದರೆ ಅವರು ಮಲಗುವುದಿಲ್ಲ. ಮನೆಯ ದೀಪವೆಲ್ಲ ಒಟ್ಟಿಗೆ ಆರಬೇಕು. ಏಳೆಂಟು ಗಂಟೆ ಕ್ರಮವಾಗಿ ಮಲಗಿಯೂ ಹಗಲೆಲ್ಲ ತೂಕಡಿಕೆ ಬಿಡದಿದ್ದರೆ, ಗೊರಕೆಯ ನಡುವೆ ಉಸಿರು ಕಟ್ಟುತ್ತಿದ್ದರೆ, ಅದನ್ನು ಸ್ವಭಾವವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮನಸ್ಸಿನ ಖಿನ್ನತೆ, ಕೆಲವು ಔಷಧಗಳು ಇವೆಲ್ಲವೂ ನಿದ್ದೆಯ ವೇಷದಲ್ಲಿ ಬರುತ್ತವೆ. ವ್ಯಾಧಿಯನ್ನು ಹಿಂಬಾಲಿಸುವ ನಿದ್ದೆ ಎಂದು ಚರಕ ಕರೆದದ್ದು ಇದನ್ನೇ. ಪುರಾಣದ ಕುಂಭಕರ್ಣನೂ ಬ್ರಹ್ಮನ ಮಾತಿಗೆ ಸಿಕ್ಕಿ ಮಲಗಿದವನೇ ಹೊರತು ಸೋಮಾರಿತನದಿಂದ ಮಲಗಿದವನಲ್ಲ.

ಹಿರಿಯರಿಂದ ನಾವು ಕಲಿಯಬೇಕಾದದ್ದು ಬೇಗ ಏಳುವ ಶೌರ್ಯವನ್ನಲ್ಲ, ಹೊತ್ತಿಗೆ ಸರಿಯಾಗಿ ಮಲಗುವ ವಿನಯವನ್ನು. ಬಡತನ ಅವರಿಂದ ಬಲಾತ್ಕಾರವಾಗಿ ಮಾಡಿಸಿದ್ದನ್ನು ನಾವು ವಿವೇಕದಿಂದ ಮಾಡಬೇಕಾಗಿದೆ. ರೈಲಿನ ವೇಳೆ ಹುಳಿಯಾರಿನ ಸೂರ್ಯನಿಂದ ತೆಗೆದುಕೊಂಡ ಆ ಒಂದು ಘಳಿಗೆಯನ್ನು ಗಡಿಯಾರ ಹಿಂದಿರುಗಿಸುವಂತಿಲ್ಲ. ಆದರೆ ಇರುಳು ಒಂದು ಘಳಿಗೆ ಮುಂಚೆ ದೀಪ ಆರಿಸುವುದು ನಮ್ಮ ಕೈಯಲ್ಲೇ ಇದೆ. ಅಲ್ಲಿಂದ ಆರಂಭಿಸಿದರೆ ಬೆಳಗಿನ ಕೋಳಿ ತನ್ನ ಕೆಲಸವನ್ನು ತಾನು ನೋಡಿಕೊಳ್ಳುತ್ತದೆ.